ದನಿ ಹೋದ ದಾರಿ

ವೀಳ್ಯದೆಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಜೋಡಿ ಜೋಡಿಯಾಗಿ ತಟ್ಟೆಗೆ ಇಡುತ್ತಿದ್ದಾಗ ಮೊಮ್ಮಗಳು ಪವಿತ್ರಾ ಬಂದು ನನ್ನ ಸೆರಗಿಗೆ ಪುಟ್ಟ ಮೈಕೊಂದನ್ನು ಸಿಕ್ಕಿಸಿದಳು. ಗಾವಡಗೆರೆಯ ಛತ್ರದಲ್ಲಿ ನನ್ನ ತಮ್ಮನ ಮೊಮ್ಮಗಳು ಸೌಂದರ್ಯಳ ಮದುವೆ. ಬರಲಾಗದ ನೆಂಟರು ಮನೆಯಲ್ಲೇ ನೋಡಲೆಂದು ಲೈವ್ ಕಳಿಸುವ ಕೆಲಸ ಪವಿತ್ರಾಳದು. ಹುಣಸೂರಿನ ಸುತ್ತಮುತ್ತ ಅವಳಿಗೆ ಅದೇ ಕಸುಬು.

“ಅಜ್ಜಿ, ಒಂದು ಸಾಲು ಸೋಬಾನೆ ಹೇಳು. ದನಿ ಲೆವೆಲ್ ನೋಡ್ಬೇಕು.”

“ಹೆಣ್ಣಿನ್ನೂ ಹಸೆಗೆ ಕೂತಿಲ್ಲ, ಈಗ್ಲೇ ಸೋಬಾನೆ ಯೇಳ್ತಾರಾ? ಒತ್ತಲ್ಲದ ಒತ್ತಲ್ಲಿ ಯೇಳ್ಬಾರ್ದು ಕಣವ್ವ.”

“ಅಂಗಾದ್ರೆ ಏನಾದ್ರೂ ಮಾತಾಡು. ಹಾಡೋವಷ್ಟೇ ಗಟ್ಟಿಯಾಗಿ. ಈಗ ಪಿಸುಗುಟ್ಟಿ ಆಮೇಲೆ ಗಂಟಲು ಬಿಟ್ರೆ ದನಿ ಒಡೆದೋಯ್ತದೆ.”

ಲ್ಯಾಪ್‌ಟಾಪಿನ ಮೇಲೆ ಹಸಿರು ಪಟ್ಟಿಯೊಂದು ಏರಿಳಿಯುತ್ತಿತ್ತು. ಅದು ಹಳದಿಯನ್ನು ಮುಟ್ಟಬೇಕಂತೆ, ಕೆಂಪಿಗೆ ಹೋಗಬಾರದಂತೆ. ಏನು ಮಾತಾಡುವುದೋ ತೋಚಲಿಲ್ಲ. ಸೋಬಾನೆಗೆ ನನ್ನ ಹಿಂದೆ ದನಿಗೂಡಿಸುವ ಪುಷ್ಪಾ ಪಕ್ಕದಲ್ಲೇ ಎಲೆ ಒರೆಸುತ್ತಿದ್ದವಳು ಕೇಳಿದಳು: “ಬಸವಕ್ಕ ಬರನಿಲ್ವಾ?”

“ಮಂಡಿನೋವಂತೆ ಕಣೆ. ಬರ್ದೇ ಇದ್ದದ್ದೇ ಒಳ್ಳೇದಾಯ್ತು ಬುಡು. ಬೋಳುಕತ್ತಿನೋಳು ಹಸೆ ಮುಂದೆ ನಿಂತು ಸೋಬಾನೆ ಎತ್ತಿದ್ರೆ ಜನ ಏನಂದಾರು?”

ಪುಷ್ಪಾ ಕಿಸಕ್ಕನೆ ನಕ್ಕಳು. “ನೀನೇ ಅಲ್ವಾ ಅಕ್ಕ, ಎತ್ತು ಅಂತ ಅವ್ಳನ್ನ ಕುಣಿಸಿದ್ದು?”

“ಸಾವಿನ ಮನೇಲಿ ಆಡಿದ್ದೆಲ್ಲ ಮದ್ವೆ ಮನೇಲಿ ನಡೀತದಾ?”

“ಸಾಕಜ್ಜಿ, ಲೆವೆಲ್ ಸರಿಯಾಗೈತೆ,” ಎಂದಳು ಪವಿತ್ರಾ. ಅವಳು ಪಟ್ಟಿಯನ್ನು ನೋಡುತ್ತಿದ್ದಳೇ ಹೊರತು ಮಾತನ್ನು ಕೇಳುತ್ತಿರಲಿಲ್ಲ.

ಬಸವಮ್ಮನೂ ನಾನೂ ಹನಗೋಡಿಗೆ ಸೊಸೆಯರಾಗಿ ಬಂದವರು. ರಾತ್ರಿಶಾಲೆಯಲ್ಲಿ ಒಂದೇ ಸ್ಲೇಟಿನ ಮೇಲೆ ಅಕ್ಷರ ತಿದ್ದಿದವರು. ಆಮೇಲೆ ಅವಳ ಸಂಸಾರ ಅಂತರಸಂತೆಗೆ ಹೋಯಿತು. ಹೋದ ವರ್ಷ ಅವಳ ಗಂಡ ತೀರಿಕೊಂಡಾಗ ಕೈ ಹಿಡಿದುಕೊಂಡು ನಾನೇ ಹೇಳಿದ್ದೆ: “ಗಂಡ ಹೋದ್ರೆ ಕಂಠಾನೂ ಹೋಯ್ತದಾ? ನಮ್ಮನೇಲಿ ಮುಂದೆ ಆಗೋ ಮದ್ವೆಗೆ ಮೊದಲ್ನೇ ಸಾಲು ನಿಂದೇ.” ಅವಳು ಅದನ್ನು ನಂಬಿದ್ದಳು. ಮದುವೆಯ ಹಿಂದಿನ ದಿನ ಫೋನು ಮಾಡಿ, “ಟಿ.ವಿ. ಮುಂದೆ ಕೂತು ಇಲ್ಲಿಂದ್ಲೇ ಎತ್ತೀನಿ ಪುಟ್ಟಿ, ನೀನು ಹಿಂದ್ಲಿಂದ ಸೇರ್ಕೊ,” ಎಂದು ನಕ್ಕಿದ್ದಳು.

ಧಾರೆಯಾಯಿತು, ಸೋಬಾನೆಯೂ ಆಯಿತು. ಊಟಕ್ಕೆ ಎಲೆ ಹಾಕುವಾಗ ಅವಳ ಫೋನು ಬಂತು.

“ಪುಟ್ಟಿ, ದನಿ ಬಲು ಚೆನ್ನಾಗಿ ಕೇಳುಸ್ತು ಕಣೆ.”

“ಹಾಡಾ?”

“ಹಾಡು ಆಮೇಲಿಂದು. ಅದ್ಕೂ ಮುಂಚೇದು.”

ಅಷ್ಟೇ ಹೇಳಿ ಇಟ್ಟಳು.

ಪವಿತ್ರಾಳಿಗೆ ಹೇಳಿದೆ. ಅವಳು ಲ್ಯಾಪ್‌ಟಾಪು ತೆರೆದು ನೋಡಿದಳು. ನಾವು ಎಲೆ ಒರೆಸುವಾಗಲೇ ಲೈವ್ ಶುರುವಾಗಿ, ಕ್ಯಾಮೆರಾ ಖಾಲಿ ಹಸೆಯನ್ನು ತೋರಿಸುತ್ತಿತ್ತು. ನನ್ನ ಮೈಕಿನಿಂದ ಛತ್ರದ ಸ್ಪೀಕರಿಗೆ ಹೋಗುವ ದಾರಿಯನ್ನು ಅವಳು ಮುಚ್ಚಿದ್ದಳು. ಲೈವಿಗೆ ಹೋಗುವ ದಾರಿ ಬೇರೆ. ಅದು ತೆರೆದೇ ಇತ್ತು. ಛತ್ರದಲ್ಲಿದ್ದವರಿಗೆ ಕೇಳದ ಮಾತು, ಬರಲಾಗದವರಿಗೆಲ್ಲ ಕೇಳಿತ್ತು.

“ತಪ್ಪು ನಂದೇ ಅಜ್ಜಿ. ಆ ಭಾಗ ತೆಗೆದುಹಾಕ್ತೀನಿ.”

ತೆಗೆದಳು. ಬಸವಿಯ ಕಿವಿಯಿಂದ ಯಾರು ತೆಗೆಯಬೇಕು?

ಫೋನು ಮಾಡಲು ಬೆರಳು ಹೋಗುತ್ತಿತ್ತು, ಬಾಯಿ ಏಳುತ್ತಿರಲಿಲ್ಲ. ಕಾಗದ ಬರೆಯಲು ಕೂತೆ. ‘ಆ ಮಿಷನ್ನಿನಿಂದ ಹೀಗಾಯಿತು’ ಎಂದು ಶುರುಮಾಡಿದ್ದನ್ನು ಓದಿ ನನಗೇ ಅಸಹ್ಯವಾಯಿತು. ‘ಹುಡುಗಿ ಗಮನಿಸಲಿಲ್ಲ’ ಎಂದು ಬರೆದದ್ದು ಇನ್ನೂ ಕೆಟ್ಟದಾಗಿತ್ತು. ಹರಿದು ಒಲೆಗೆ ಹಾಕಿದೆ. ನಮ್ಮ ಯಜಮಾನರು ಹುಚ್ಚಯ್ಯ, “ಏನಮ್ಮಿ, ನೀರು ಕಾಯ್ಸಕ್ಕೆ ಸೌದೆ ಇಲ್ವಾ?” ಎಂದು ಕಾಡಿದರು. ಹೀಗೇ ತಿಂಗಳುಗಳು ಉರುಳಿದವು. ಹನಗೋಡಿನ ಬೀದಿಯಲ್ಲಿ ಯಾರಾದರೂ “ಹಾಡು ಚೆನ್ನಾಗಿತ್ತು ಕಣವ್ವ” ಎಂದರೆ ಸೆರಗು ಎಳೆದುಕೊಂಡು ತಲೆ ತಗ್ಗಿಸುತ್ತಿದ್ದೆ.

ಮೊನ್ನೆ ಪುಷ್ಪಾ ಬಂದಳು. ಪಿರಿಯಾಪಟ್ಟಣದ ಮದುವೆಯೊಂದಕ್ಕೆ ಸೋಬಾನೆಗೆ ಕರೆದಿದ್ದಾರಂತೆ.

“ನೀನೇ ಎತ್ತಬೇಕು ಅಕ್ಕ. ಬಸವಕ್ಕ ಹಾಡೋದೇ ಬಿಟ್ಟವ್ಳಂತೆ. ಮನೇಲಿ ಮೊಮ್ಮಗೀಗೆ ತೊಟ್ಟಿಲ ಪದಾನೂ ಯೇಳಲ್ವಂತೆ. ಕೇಳಿದ್ರೆ, ನನ್ನ ಬಾಯಿ ಒಳ್ಳೇದಲ್ಲ, ಕೂಸಿಗೆ ತಟ್ಟೀತು ಅಂತಾಳಂತೆ.”

ಪುಷ್ಪಾ ಕಾಫಿ ಕುಡಿದು ಹೋಗುವವರೆಗೂ ಕಾಯಲಾಗಲಿಲ್ಲ. ಅವಳೆದುರೇ ಕೂತು ಬರೆದೆ, ಬರೆದದ್ದನ್ನು ಅವಳಿಗೆ ಓದಿ ಹೇಳಿದೆ.

‘ಬಸವಿ, ಮೈಕಿನ ತಪ್ಪೇನಿಲ್ಲ. ಅಂದವಳು ನಾನೇ. ನಿನ್ನ ಮನೆಯಲ್ಲಿ ನಿನಗೆ ಧೈರ್ಯ ಹೇಳಿದೆ, ಛತ್ರದಲ್ಲಿ ಜನಕ್ಕೆ ಹೆದರಿದೆ. ಕೆಟ್ಟ ಬಾಯಿ ನನ್ನದು, ನಿನ್ನದಲ್ಲ. ನನ್ನ ಮೇಲೆ ಎಷ್ಟು ದಿನ ಬೇಕಾದರೂ ಸಿಟ್ಟಿರಲಿ. ಕೂಸಿಗೆ ಪದ ಹೇಳುವುದನ್ನು ಮಾತ್ರ ಬಿಡಬೇಡ. ನೀನು ಎತ್ತದ ಮದುವೆಯಲ್ಲಿ ನಾನೂ ಎತ್ತುವುದಿಲ್ಲ.’

“ಅಂಗಾರೆ ಪಿರಿಯಾಪಟ್ಟಣದೋರಿಗೆ ಏನನ್ಲಿ?” ಪುಷ್ಪಾ ಬಾಯಿ ಬಿಟ್ಟಳು.

“ಇದ್ದದ್ದು ಇದ್ದಂಗೆ ಯೇಳು. ನಾನು ಅಂದಿದ್ದನ್ನೂ ಸೇರಿಸ್ಕೊಂಡು.”

ಅಂಚೆ ಕಚೇರಿಗೆ ನಾನೇ ನಡೆದು ಹೋದೆ. ಡಬ್ಬಿಗೆ ಹಾಕಲು ಧೈರ್ಯ ಬರಲಿಲ್ಲ. ಹಾಕುವಂತೆ ಮಾಡಿ ಕೈ ಹಿಂದಕ್ಕೆ ಬಂದೀತೆಂಬ ಭಯ. ಒಳಗೆ ಹೋಗಿ ಕೌಂಟರಿನಲ್ಲಿದ್ದವನ ಕೈಗೇ ಕೊಟ್ಟೆ.

ಅವನು ವಿಳಾಸ ಓದಿ ಕಾಗದದ ಮೇಲೆ ದಪ್ಪನೆ ಮುದ್ರೆ ಒತ್ತಿದ. “ಅಂತರಸಂತೆಗಾ? ಇವತ್ತಿನ ಚೀಲದಲ್ಲೇ ಹೋಯ್ತದೆ ಬುಡವ್ವ.”