ಫೋನಿನಲ್ಲೇ ಮುಗಿದ ಸಭೆ

ನಾಲ್ಕು ಜನರ ಮುಂದೆ ಮಾತಿಗೆ ಮಾತು ಬೆಳೆಯುವುದೆಂದರೆ ಮಾರ್ಲಿಸ್‌ಗೆ ಆಗದು. ಅಮೆರಿಕದ ಮಿನೆಸೋಟದ ಉತ್ತರದಲ್ಲಿರುವ ಅವಳ ಊರಿನಲ್ಲಿ ಯಾರಿಗೂ ಆಗದು ಅನ್ನಿ. ಅಲ್ಲಿಯ ಜನ ಕಾಲು ತುಳಿಸಿಕೊಂಡರೂ ತಾವೇ ಕ್ಷಮೆ ಕೇಳುತ್ತಾರೆ. ತಟ್ಟೆಯಲ್ಲಿ ಸಿಹಿಯ ಕೊನೆಯ ತುಂಡು ಉಳಿದರೆ ಒಬ್ಬರು ಅದರಲ್ಲಿ ಅರ್ಧ ತೆಗೆದುಕೊಳ್ಳುತ್ತಾರೆ, ಇನ್ನೊಬ್ಬರು ಉಳಿದರ್ಧದಲ್ಲಿ ಅರ್ಧ. ಪೂರ್ತಿ ಎತ್ತಿಕೊಳ್ಳುವ ಧೈರ್ಯ ಯಾರಿಗೂ ಇಲ್ಲ.

ಊರಿನ ಚಾರ್ಟರ್ ಶಾಲೆಯ ಮಂಡಳಿಗೆ ಮಾರ್ಲಿಸ್ ಅಧ್ಯಕ್ಷೆ. ಹಣ ಸರ್ಕಾರದ್ದು, ಆಡಳಿತ ಊರಿನ ಐದು ಜನರದ್ದು. ಹಾಗಾಗಿ ಮಂಡಳಿಯ ಸಭೆ ಎಲ್ಲರ ಎದುರಿಗೇ ನಡೆಯಬೇಕು, ಯಾರು ಬೇಕಾದರೂ ಬಂದು ಕೂರಬಹುದು ಎಂಬುದು ಕಾನೂನು. ಮಾರ್ಲಿಸ್ ಎಂದೂ ಬಾಗಿಲು ಹಾಕಿದವಳಲ್ಲ. ಬಾಗಿಲ ಪಕ್ಕದಲ್ಲೇ ಕಾಫಿ, ಕೈಯಾರೆ ಮಾಡಿದ ನಿಂಬೆಹಣ್ಣಿನ ಸಿಹಿ ಇಡುತ್ತಿದ್ದಳು. ತನ್ನ ಸಭೆಯಲ್ಲಿ ಒಂದು ಅಪಸ್ವರವೂ ಇಲ್ಲವೆಂದು ಒಳಗೊಳಗೇ ಬೀಗುತ್ತಿದ್ದಳು.

ಆ ಚಳಿಗಾಲದಲ್ಲಿ ಶಾಲೆಯ ಇಬ್ಬರು ಬಸ್ ಚಾಲಕರಲ್ಲಿ ಒಬ್ಬನ ಮೊಣಕಾಲು ಕೈಕೊಟ್ಟಿತು. ಬೇರೆಯವರು ಸಿಗಲಿಲ್ಲ. ಬಸ್ಸಿನ ಎರಡು ದಾರಿಗಳಲ್ಲಿ ಒಂದನ್ನು ನಿಲ್ಲಿಸಬೇಕಾಗಿ ಬಂತು. ಕೆರೆಯಾಚೆಯ ದಾರಿಯಲ್ಲಿ ಮಕ್ಕಳು ಕಡಿಮೆ. ಅದನ್ನೇ ನಿಲ್ಲಿಸೋಣ ಎಂದು ಮಾರ್ಲಿಸ್ ಎಂದಿನಂತೆ ಮಂಡಳಿಯವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದಳು. ಮೊದಲು ಡ್ವೇನ್, "ಹಾಗೇ ಆಗ್ಲಿ ಬಿಡಿ" ಅಂದ. ಡ್ವೇನ್ ಒಪ್ಪಿದ್ದಾನೆ ಎಂದು ಹೇಳಿದ್ದಕ್ಕೆ ಎರಡನೆಯವರು ಒಪ್ಪಿದರು, ಇಬ್ಬರೂ ಒಪ್ಪಿದ್ದಾರೆ ಎಂದಮೇಲೆ ಮೂರನೆಯವರೂ ಹೂಂಗುಟ್ಟಿದರು. ಕೊನೆಗೆ ಉಳಿದವಳು ಗ್ರೆಚನ್. ಅದೇ ಶಾಲೆಯ ಟೀಚರ್, ಮಂಡಳಿಗೆ ಹೊಸಬಳು.

"ಮಾರ್ಲಿಸ್ ಅವರೇ, ಇದು ಫೋನಲ್ಲಿ ಬೇಡ," ಅಂದಳು ಗ್ರೆಚನ್. "ಸಭೇಲೇ ಮಾತಾಡೋಣ."

"ಒಂದು ಫೋನ್ ಮಾಡಿದ್ರೆ ಯಾವ ಕಾನೂನು ಮುರಿದು ಬೀಳುತ್ತಮ್ಮಾ?"

"ಒಬ್ಬೊಬ್ಬರನ್ನೇ ಕೇಳಿ ಎಲ್ಲರ ಒಪ್ಪಿಗೆ ತಗೊಂಡ್ರೆ ಅಲ್ಲಿಗೆ ಸಭೆ ಆಗೋಯ್ತಲ್ಲ. ಜನ ಬರೋ ಹೊತ್ತಿಗೆ ಕೈ ಎತ್ತೋದೊಂದೇ ಬಾಕಿ. ಇಮೇಲ್ ಸುತ್ತು ಹಾಕ್ಸಿದ್ರೂ ಅಷ್ಟೇ. ಚರ್ಚಲ್ಲಿ ಊಟ ಆದ್ಮೇಲೆ ನಮ್ಮ ಐವರಲ್ಲಿ ಮೂರು ಜನ ಪಾತ್ರೆ ತೊಳೀತಾ ತೀರ್ಮಾನ ಮಾಡಿದ್ರೂ ಅಷ್ಟೇ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ತಾನು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದರೆ, ಮೊನ್ನೆ ಬಂದ ಹುಡುಗಿ ಪಾಠ ಹೇಳುತ್ತಾಳಲ್ಲ ಎಂದು ಮಾರ್ಲಿಸ್ ಫೋನಿಟ್ಟಳು.

ಸಭೆಯ ದಿನ ಐನೆಸ್ ಬಂದಿದ್ದಳು. ಮಾರ್ಲಿಸ್‌ಳ ಬಾಲ್ಯದ ಗೆಳತಿ. ಮನೆ ಕೆರೆಯಾಚೆ. ಶಾಲೆಯ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಬಸ್ಸಿನ ವಿಷಯ ನೋಡಿ ಬಂದವಳು, ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚುತ್ತಿದ್ದಳು. ಸ್ವಲ್ಪ ಚರ್ಚೆ ಮಾಡೋಣ ಎಂದು ಗ್ರೆಚನ್ ಕೇಳಿದಳು. ಎಲ್ಲರಿಗೂ ಗೊತ್ತಿರುವ ವಿಷಯವೇ ಅಲ್ಲವೇ ಎಂದು ಮಾರ್ಲಿಸ್ ನಕ್ಕಳು. ನಾಲ್ಕು ಕೈ ಮೇಲೆದ್ದವು. ಗ್ರೆಚನ್‌ಳದು ಏಳಲಿಲ್ಲ. ಐನೆಸ್‌ಳ ಕೋಟಿನ ಒಂದು ತೋಳು ಇನ್ನೂ ಬಿಚ್ಚಿರಲಿಲ್ಲ. ಸಾರ್ವಜನಿಕರು ಈಗ ಮಾತಾಡಬಹುದು ಎಂದು ಮಾರ್ಲಿಸ್ ಹೇಳಿದಳು.

ಐನೆಸ್ ಎದ್ದು ನಿಂತಳು. "ಮುಗೀತಾ?"

"ಮುಗೀತು ಕಣೇ."

"ಶಾಲೆ ಬಸ್ ಓಡೋ ರಸ್ತೇಲಿ ಹಿಮಾನ ಮೊದಲು ತೆಗೀತಾರೆ, ಮಾರ್ಲಿಸ್. ಬಸ್ ನಿಂತ್ರೆ ನಮ್ಮ ರಸ್ತೆಗೆ ಹಿಮ ತೆಗೆಯೋ ಗಾಡಿ ಬರೋದು ಮಧ್ಯಾಹ್ನದ ಮೇಲೆ. ಆರ್ವಿಡ್‌ನ ಬೆಳಗ್ಗೇನೇ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕು. ಅದನ್ನ ಹೇಳಣ ಅಂತ ಬಂದೆ. ನೀವು ಮೊದಲೇ ಮುಗಿಸಿಕೊಂಡಿದ್ದೀರ ಅಂತ ಗೊತ್ತಿದ್ರೆ ಬರ್ತಿರಲಿಲ್ಲ."

ಆರ್ವಿಡ್ ಐನೆಸ್‌ಳ ಗಂಡ, ಮಾರ್ಲಿಸ್‌ಳ ಮದುವೆಯಲ್ಲಿ ಅಕಾರ್ಡಿಯನ್ ನುಡಿಸಿದವನು. ಅವನ ಕಾಯಿಲೆ ಮಾರ್ಲಿಸ್‌ಗೆ ಗೊತ್ತಿತ್ತು. ಆ ರಸ್ತೆಯೂ ಗೊತ್ತಿತ್ತು. ಒಂದಕ್ಕೊಂದು ನಂಟಿದೆ ಎಂದು ಮಾತ್ರ ಹೊಳೆದಿರಲಿಲ್ಲ, ತಿಳಿಸಬಲ್ಲವರ ಬಾಯಿಗೆ ಅವಳೇ ಬೀಗ ಹಾಕಿದ್ದಳು. ಐನೆಸ್ ಕೋಟಿನ ತೋಳು ಮತ್ತೆ ಏರಿಸಿಕೊಂಡು, ಕಾಫಿಯನ್ನೂ ಮುಟ್ಟದೆ ಹೊರಟುಹೋದಳು. ಆ ಊರಿನಲ್ಲಿ ಅದು ಕೆನ್ನೆಗೆ ಹೊಡೆದದ್ದಕ್ಕಿಂತ ಹೆಚ್ಚು.

ಜನ ಚದುರಿದರೂ ಮಾರ್ಲಿಸ್ ಕೂತೇ ಇದ್ದಳು. ಗ್ರೆಚನ್ ಪಕ್ಕಕ್ಕೆ ಬಂದು ಕೂತಳು. ನಾನು ಹೇಳಿರಲಿಲ್ಲವೇ ಎನ್ನಲಿಲ್ಲ.

"ಹೊಸದಾಗಿ ಸಭೆ ಕರೆದು ಈ ತೀರ್ಮಾನಾನ ವಾಪಸ್ ತಗೊಳ್ಳೋಣ," ಅಂದಳು. "ಯಾವತ್ತು, ಎಲ್ಲಿ, ಯಾವ ವಿಷಯ ಅಂತ ಮುಂಚೇನೇ ನೋಟಿಸ್ ಹಚ್ಚೋಣ. ಮೊದಲು ಜನರ ಮಾತು ಕೇಳೋಣ. ಆಮೇಲೆ ಅವರೆದುರಿಗೇ ನಾವು ಮಾತಾಡೋಣ. ಕೈ ಎತ್ತೋದು ಕೊನೇಲಿ. ಅಲ್ಲೀತನಕ ಯಾರಿಗೂ ಫೋನ್ ಮಾಡ್ಬೇಡಿ."

"ಜಗಳ ಆದ್ರೆ?"

"ಆಗ್ಲಿ. ಜನಾನೂ ನೋಡ್ಲಿ."

ಆ ಸಭೆಗೆ ಕುರ್ಚಿ ಸಾಲದೆ ಮಕ್ಕಳ ಬೆಂಚು ತರಬೇಕಾಯಿತು. ಐನೆಸ್ ಮತ್ತೆ ತನ್ನ ಮಾತು ಹೇಳಿದಳು. ಬೇರೆಯವರೂ ಹೇಳಿದರು. ಆಮೇಲೆ ಮಾರ್ಲಿಸ್ ಮಂಡಳಿಯವರ ಕಡೆ ತಿರುಗಿ, ಒಬ್ಬೊಬ್ಬರೂ ಮನಸ್ಸಿನಲ್ಲಿರುವುದನ್ನು ಹೇಳಿ ಎಂದು ಕೇಳಿದಳು. ಡ್ವೇನ್ ಕಿವಿಯವರೆಗೂ ಕೆಂಪಾದ.

"ನಂಗೆ ಮೊದಲಿಂದಲೂ ಇಷ್ಟ ಇರಲಿಲ್ಲ," ಅಂದ. "ನಿಮಗೆಲ್ಲ ಬೇಕೇನೋ ಅಂದ್ಕೊಂಡು ಹೂಂ ಅಂದೆ."

ಎರಡನೆಯವರೂ ಅದನ್ನೇ ಹೇಳಿದರು. ಮೂರನೆಯವರೂ. ಡ್ವೇನ್ ಅಷ್ಟು ಬೇಗ ಒಪ್ಪಿರದಿದ್ದರೆ ಮಾರ್ಲಿಸ್ ಕೂಡ ಇನ್ನೊಮ್ಮೆ ಯೋಚಿಸುತ್ತಿದ್ದಳು. ಯಾರಿಗೂ ಬೇಡವಾದ ತೀರ್ಮಾನಕ್ಕೆ ನಾಲ್ಕು ಕೈ ಎದ್ದಿದ್ದವು! ಅದರಿಂದ ಒಬ್ಬ ಮನುಷ್ಯನ ಜೀವಕ್ಕೇ ಕುತ್ತು ಬರುವುದಿತ್ತು.

ಆಮೇಲೆ ಜಗಳವೂ ಆಯಿತು, ದನಿಯೂ ಏರಿತು. ಶಾಲೆಯನ್ನು ಸ್ವಲ್ಪ ತಡವಾಗಿ ಶುರು ಮಾಡಿದರೆ ಒಂದೇ ಬಸ್ಸು ಎರಡೂ ದಾರಿ ಸುತ್ತಿ ಬರಬಹುದು ಎಂದು ಒಬ್ಬ ತಾಯಿ ಸೂಚಿಸಿದಳು. ಕೆಲಸಕ್ಕೆ ಹೋಗುವ ಕೆಲವರು ಗೊಣಗಿದರು. ಆದರೆ ಈ ಸಲ ಆ ಸೂಚನೆಗೆ ಐದೂ ಕೈ ಎದ್ದವು, ಏಕೆ ಎದ್ದವೆಂದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಸಭೆ ಮುಗಿದಾಗ ತಟ್ಟೆಯಲ್ಲಿ ಒಂದೇ ಒಂದು ಸಿಹಿ ಉಳಿದಿತ್ತು. ಎಲ್ಲರೂ ಅದರ ಸುತ್ತ ಸುಳಿದಾಡುತ್ತಿದ್ದರು. ಐನೆಸ್ ಬಂದು ಪೂರ್ತಿ ತುಂಡನ್ನೇ ಎತ್ತಿಕೊಂಡಳು.

"ನಂಗೆ ಬೇಕಿತ್ತು, ತಗೊಂಡೆ," ಅಂದಳು. "ಕಾಫಿ ಕೊಡ್ತೀಯೇನೇ?"

ಕಣ್ಣು ತುಂಬಿಕೊಂಡ ಮಾರ್ಲಿಸ್ ಕಪ್ಪಿನಲ್ಲಿ ಅರ್ಧ, ಸಾಸರಿನಲ್ಲಿ ಅರ್ಧ ಕಾಫಿ ಸುರಿದಳು.

ಶಾಲೆಯ ಮಂಡಳಿಯಲ್ಲಿ ಕೂತಿರುವವರೇ, ಜಗಳ ತಪ್ಪಿಸಲೆಂದು ಫೋನಿನಲ್ಲೇ ಸಭೆ ಮುಗಿಸಬೇಡಿ. ಎಲ್ಲರೂ ಒಪ್ಪಿದ್ದಾರೆ ಎಂದು ಯಾರಾದರೂ ಹೇಳಿದರೆ, ಜನರ ಮುಂದೆ ಇನ್ನೊಮ್ಮೆ ಕೇಳಿ. ಮತ್ತೆ ಊರಿನವರೇ, ಬಾಗಿಲಿಗೆ ಅಂಟಿಸಿದ ಚೀಟಿ ಓದಿ, ಹೋಗಿ ಕೂತುಕೊಳ್ಳಿ. ನಿಮಗೆ ಗೊತ್ತಿರುವ ಒಂದು ಮಾತು ಅಲ್ಲಿ ಕೂತ ಯಾರಿಗೂ ಗೊತ್ತಿಲ್ಲದೆ ಇರಬಹುದು. ಕೈ ಏಳುವ ಮೊದಲೇ ಅದನ್ನು ಹೇಳಿ.