ಬಾಣಂತಿ ಕೋಣೆಗೆ ಬಂದ ಕಲ್ಲಿದ್ದಲು

ಹೆಮ್ಮಾಡಿಯಿಂದ ಬೈಂದೂರಿನವರೆಗೆ ಬಲೆ ಹಾಕಿ ಹುಡುಕಿದರೂ ನನ್ನಷ್ಟು ಬುದ್ಧಿವಂತ ಸಿಗಲಾರ ಎಂದು ಹೇಳಿಕೊಂಡು ತಿರುಗಿದವನು ನಾನು, ಪ್ರೇಮಾನಂದ. ನಾನು ಹಿಡಿದ ಒಂದೊಂದು ಬಂಗುಡೆಯೂ ದೋಣಿಯಷ್ಟು ಉದ್ದ. ಮೀನಿನ ವಿಷಯದಲ್ಲಿ ನನ್ನನ್ನು ನಂಬಬೇಡಿ. ಈಗ ಹೇಳುವುದನ್ನು ನಂಬಿ.

ಕಳೆದ ಆಸಾಡಿ ಮಳೆಗಾಲದಲ್ಲಿ ಮಗಳು ಧನ್ಯಶ್ರೀ ನಮ್ಮ ಮನೆಯಲ್ಲಿ ಬಾಣಂತನಕ್ಕಿದ್ದಳು. ಬಾಣಂತಿಗೆ ಗಾಳಿ ತಾಗಬಾರದು, ಮಂಚದ ಕೆಳಗೆ ಕೆಂಡ ಇರಬೇಕು. ಇದು ನಮ್ಮ ಹಳೇ ಕ್ರಮ. ಆದರೆ ಮಳೆಗೆ ಉರಿಸುವ ತೆಂಗಿನ ಗೆರಟೆಯೆಲ್ಲ ಒದ್ದೆ. ನಾನು ಸುಮ್ಮನಿರುವವನೇ? ಹೆದ್ದಾರಿಯಲ್ಲಿ ಲಾರಿಯಿಂದ ಉದುರಿದ ಕಲ್ಲಿದ್ದಲನ್ನು ಬುಟ್ಟಿ ತುಂಬ ಆರಿಸಿ ತಂದೆ. ಆನೆ ಗಾತ್ರದ ಉಂಡೆಯನ್ನು ಒಂದೇ ಕೈಯಲ್ಲಿ ಎತ್ತಿದೆನೆಂದು ಊರಿಡೀ ಸಾರಿದೆ. ತೆಂಗಿನಕಾಯಿಯಷ್ಟಿತ್ತು.

ಮಗುವನ್ನು ನೋಡಲು ಬಂದ ಆಶಾ ಕಾರ್ಯಕರ್ತೆ ನಿಶ್ಮಿತಾ ಜಗಲಿಯಲ್ಲಿದ್ದ ಬುಟ್ಟಿ ಕಂಡು ಅಲ್ಲೇ ನಿಂತಳು.

"ಹ್ವಾಯ್ ಪ್ರೇಮಣ್ಣ, ಇದೆಂತಕೆ ತಂದದ್ದ್?"

"ಬಾಣಂತಿಗೆ ಶಾಖ ಕೊಡುಕೆ. ಒಂದ್ ತುಂಡ್ ಸಾಕ್, ಇಡೀ ಕುಂದಾಪ್ರ ಬೆಚ್ಗೆ ಆತ್ತ್!"

"ಇದ್ ಗೆರಟೆ ಸುಟ್ಟ ಮಸಿ ಅಲ್ಲ ಮಾರ್ರೆ. ಕೋಟಿಗಟ್ಲೆ ವರ್ಷದ ಹಿಂದಿನ ಕಾಡ್. ನಮ್ಮ ಹೊಳಿ ಬದಿ ಉಪ್ಪುನೀರಿನ ಕಾಂಡ್ಲಾ ಕಾಡ್ ಇತ್ತಲ್ದಾ? ಅಂಥ ಜೌಗು ಕಾಡಿನ ಮರ ಕೆಸ್ರಲ್ಲಿ ಹೂತ್, ಪೂರ್ತಿ ಕೊಳೀದೆ ಉಳಿತ್. ಮೇಲೆ ಮಣ್ಣ್ ಬಿತ್ತ್. ಭಾರಕ್ಕೆ ಒತ್ತಿ, ಬಿಸಿಗೆ ಬೆಂದ್, ಕಲ್ಲಾಯ್ತ್."

"ಹಂಗಾರೆ ಎಲ್ಲ ಒಂದೇ ಕಲ್ಲ್!"

"ಅಲ್ಲ. ಮೊದ್ಲ್ ಆಪ್ದ್ ಪೀಟ್, ಒದ್ದೆ ಮಣ್ಣಿನಾಂಗೆ. ಇನ್ನೂ ಒತ್ರೆ ಕಂದು ಬಣ್ಣದ ಲಿಗ್ನೈಟ್. ಆಮೇಲೆ ಕಪ್ಪು ಬಿಟುಮಿನಸ್. ಕರೆಂಟಿಗೆ, ಉಕ್ಕಿಗೆ ಹೆಚ್ಚ್ ಬಳ್ಸುದ್ ಅದನ್ನೇ. ಎಲ್ಲಕ್ಕಿಂತ ಗಟ್ಟಿ ಆಂತ್ರಸೈಟ್, ಅದಕ್ಕೆ ಹೊಗೆ ಕಮ್ಮಿ. ಸಿಮೆಂಟಿಗೆ, ಇಟ್ಟಿಗೆ ಭಟ್ಟಿಗೂ ಕಲ್ಲಿದ್ದಲು ಬೇಕ್. ಅದೆಲ್ಲ ದೊಡ್ಡ ಚಿಮಣಿ ಇಪ್ಪ ಕಡೆ. ಬಾಣಂತಿ ಕೋಣಿಗಲ್ಲ."

"ಹೊಗೆ ಹೋಪಲ್ಲಿವರಿಗೆ ಹೊರಗಿಟ್ಟ್, ಕೆಂಪ್ ಆದ್ಮೇಲೆ ಒಳಗ್ ತತ್ತೆ. ಸಾಕಾ?"

"ಹೊಗೆ ಕಣ್ಣಿಗೆ ಕಾಣ್ತ್. ವಿಷದ ಗಾಳಿ ಕಾಣ್ತಿಲ್ಲೆ, ವಾಸನೆಯೂ ಇಲ್ಲೆ. ಕಾರ್ಬನ್ ಮೊನಾಕ್ಸೈಡ್ ಅಂಬ್ರ್. ಗೆರಟೆ ಕೆಂಡದಲ್ಲೂ ಬತ್ತ್."

ನನ್ನ ಹೆಂಡತಿ ವನಜ ಒಳಗಿಂದ ಕೂಗಿದಳು. "ನಾನ್ ಮೂರ್ ಹೆತ್ತವಳ್ ಹೆಣ್ಣೆ! ಮೂರಕ್ಕೂ ಕೆಂಡ ಇಟ್ಟಿತ್. ನಂಗೆಂತ ಆಯ್ತ್?"

"ಆಗ ಹಂಚಿನ ಸಂದಿ ಇತ್ತ್ ವನಜಕ್ಕ, ಗಾಳಿ ಹೋತಿತ್ತ್. ಈಗ ಟೆರೇಸ್ ಮನಿ. ಕಿಟ್ಕಿಗೆ ಟರ್ಪಾಲ್ ಬೇರೆ ಕಟ್ಟಿರಿ. ವಿಷ ಎಲ್ಲಿಗ್ ಹೋಯ್ಕ್?"

ನಾನು ನಕ್ಕೆ. ಅರಬ್ಬಿ ಸಮುದ್ರದ ಗಾಳಿಯನ್ನೆಲ್ಲ ಒಂದೇ ಉಸಿರಿಗೆ ಎಳೆಯುವ ವಂಶ ನಮ್ಮದು ಎಂದೆ. ನಿಶ್ಮಿತಾ ಕೆಂಡ ಬೇಡವೆಂದು ಮೂರು ಸಲ ಹೇಳಿ, ಮುಖ ಸಣ್ಣದು ಮಾಡಿಕೊಂಡು ಹೋದಳು.

ಮರುದಿನ ಮಧ್ಯಾಹ್ನ ನಾನು ಹೇಳಿದ್ದಂತೆಯೇ ಮಾಡಿದೆ. ಕಲ್ಲಿದ್ದಲನ್ನು ಹೊರಗೆ ಬಾಣಲೆಯಲ್ಲಿ ಹೊತ್ತಿಸಿ, ನಿಗಿನಿಗಿ ಆದ ಮೇಲೆ ಮಂಚದ ಕೆಳಗಿಟ್ಟು, ಬಾಗಿಲು ಭದ್ರ ಮಾಡಿದೆ. ಕೋಣೆ ಎಷ್ಟು ಬೆಚ್ಚಗಾಗಿದೆಯೆಂದು ಪಕ್ಕದ ಮನೆಗೂ ಹೋಗಿ ಹೇಳಿ ಬಂದೆ.

ವನಜ ಗಂಜಿ ತೆಗೆದುಕೊಂಡು ಹೋದಾಗ ಧನ್ಯಶ್ರೀ ನೆಲದಲ್ಲಿ ಬಿದ್ದಿದ್ದಳು. ಬಾಗಿಲಿನತ್ತ ತೆವಳಿದ್ದಳು. ಮಗು ಅಳುತ್ತಿರಲಿಲ್ಲ. ಎತ್ತಿದರೆ ಒದ್ದೆ ಬಟ್ಟೆಯಂತೆ ಕೈಯಲ್ಲಿ ಜೋತುಬಿತ್ತು. ರಿಕ್ಷಾದಲ್ಲಿ ಕುಂದಾಪುರದ ಆಸ್ಪತ್ರೆಗೆ ಓಡಿದೆವು. ಇಬ್ಬರಿಗೂ ಆಮ್ಲಜನಕ ಕೊಟ್ಟರು. ಧನ್ಯಶ್ರೀ ನಾಲ್ಕು ದಿನಕ್ಕೆ ಎದ್ದು ಕುಳಿತಳು. ಮಗುವೂ ಬದುಕಿತು.

ಆದರೆ ಆರು ತಿಂಗಳಾದರೂ ಅದಕ್ಕೆ ಕುತ್ತಿಗೆ ನಿಲ್ಲುತ್ತಿಲ್ಲ. ಮೆದುಳಿಗೆ ಆಮ್ಲಜನಕ ಸಾಲದೆ ಪೆಟ್ಟಾಗಿದೆ, ಕಾದು ನೋಡಬೇಕು ಎಂದಿದ್ದಾರೆ ಡಾಕ್ಟರು. ವಾರಕ್ಕೆ ಎರಡು ಸಲ ವ್ಯಾಯಾಮ ಮಾಡಿಸಲು ಕರೆದುಕೊಂಡು ಹೋಗುತ್ತೇವೆ. ಧನ್ಯಶ್ರೀ ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಟರ್ಪಾಲು ಕಿತ್ತು ಎಸೆದವಳು ವನಜ. ಈಗ ಊರಲ್ಲಿ ಎಲ್ಲಿ ಹೆರಿಗೆಯಾದರೂ ನಿಶ್ಮಿತಾಳ ಜೊತೆ ಇವಳೂ ಹೋಗುತ್ತಾಳೆ. "ಕೆಂಡ ಬ್ಯಾಡ ಹೆಣ್ಣೆ, ದಪ್ಪ ಬಟ್ಟಿ ಹೊದ್ಸ್. ನಮ್ಮನಿ ಶಿಶುನ್ನ ಒಂದ್ಸಲ ಬಂದ್ ಕಾಣ್" ಎನ್ನುತ್ತಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಲ್ಲಿದ್ದಲಾಗಲಿ, ಗೆರಟೆ ಕೆಂಡವಾಗಲಿ, ಮಲಗುವ ಕೋಣೆಯೊಳಗೆ ಇಡಬೇಡಿ. ಅಂಥ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ವಾಂತಿ, ಮಂಪರು ಬಂದರೆ ಕೂಡಲೇ ಹೊರಗೆ ತನ್ನಿ, 108ಕ್ಕೆ ಕರೆ ಮಾಡಿ. ನಿಮ್ಮ ಮನೆಯಲ್ಲಿ ಈಗಲೇ ಕೆಂಡ ಇಟ್ಟಿದ್ದರೆ ಈ ಕಾಗದ ಕೆಳಗಿಟ್ಟು ಏಳಿ, ಬಾಗಿಲು ತೆರೆಯಿರಿ. ನನ್ನ ಬಂಗುಡೆಯ ಕಥೆ ಆಮೇಲೆ ಕೇಳಿದರಾಯಿತು.