ಒಂಬತ್ತನೇ ಷರತ್ತು

ಲೂಸಿಯಾನದ ನಮ್ಮ ಊರಿನ ಹಳೇ ಬಂದರು ಕೇರಿಯ ನೆಲ ನಗರಸಭೆಯದು. ಅದನ್ನು ಗುತ್ತಿಗೆ ಹಿಡಿದವರು ಅಲ್ಲಿ ಹೋಟೆಲು ಕಟ್ಟಲು ಗುತ್ತಿಗೆಪತ್ರಕ್ಕೆ ತಿದ್ದುಪಡಿ ಕೇಳಿದ್ದರು. ಅಡ್ಡ ಬಂದದ್ದು ಒಂಬತ್ತನೇ ಷರತ್ತು ಒಂದೇ: ಗೋದಾಮಿನ ಹಿಂದೆ ಹಳದಿ ಜ್ವರಕ್ಕೆ ಸತ್ತ ಏಳು ಜನರನ್ನು ಹೂಳಿದೆ, ಅಲ್ಲಿ ಅಗೆಯಕೂಡದು.

"ನೂರು ವರ್ಷದಲ್ಲಿ ಒಂದು ನರಪಿಳ್ಳೆನೂ ಅಲ್ಲಿಗೆ ಹೂವು ತಂದಿಟ್ಟಿಲ್ಲ. ಆ ಷರತ್ತು ಹೊಡೆದುಹಾಕಿ ಮೇಡಂ," ಎಂದು ನನಗೆ ಹೇಳಿದ ಗುತ್ತಿಗೆದಾರರ ವಕೀಲ ಥೆರಿಯೋ.

ಆ ತಿದ್ದುಪಡಿಗೆಂದು ಕರೆದ ಬಹಿರಂಗ ಸಭೆಯಲ್ಲಿ ಮಾತಾಡಬೇಕೆನ್ನುವವರು ಚೀಟಿ ಬರೆದು ಡಬ್ಬಿಗೆ ಹಾಕಬೇಕು. ನಗರಸಭೆಯ ಕಾರ್ಯದರ್ಶಿಯಾದ ನಾನು ಹೆಸರು ಕೂಗಿ, ಒಬ್ಬೊಬ್ಬರಿಗೂ ಮೂರು ನಿಮಿಷದ ಗಡಿಯಾರ ಒತ್ತಬೇಕು. ಆ ಮಧ್ಯಾಹ್ನ ಡಬ್ಬಿಯಲ್ಲಿ ಏಳು ಚೀಟಿಗಳಿದ್ದವು. ಎಲ್ಲವೂ ಪೆನ್ಸಿಲಿನಲ್ಲಿ ಬರೆದವು.

"ಒಡೀಲ್ ಫಾಂಟೆನೋ," ಎಂದು ಕೂಗಿದೆ. ಯಾರೂ ಏಳಲಿಲ್ಲ. ಆ ಹೆಸರು ನನಗೆ ಗೊತ್ತಿತ್ತು. ಷರತ್ತಿನ ಕೆಳಗಿರುವ ಸತ್ತವರ ಪಟ್ಟಿಯಲ್ಲಿ ಅದೇ ಮೊದಲನೆಯದು. ಗಡಿಯಾರ ಒತ್ತಿದೆ.

"ಬರದೇ ಇರೋರಿಗೂ ಟೈಮ್ ಕೊಡ್ತೀರಾ? ತಲೆ ನೆಟ್ಟಗಿದ್ಯಾ ನಿಮಗೆ?" ಎಂದು ಥೆರಿಯೋ ನಕ್ಕ.

"ಇದು ನಿಮ್ಮ ಸರದಿ ಅಲ್ಲ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ," ಎಂದೆ.

ಪಟ್ಟಿಯ ಕ್ರಮದಲ್ಲೇ ಆರು ಹೆಸರು ಮುಗಿದವು. ಪ್ರತಿ ಹೆಸರಿಗೂ ಗಡಿಯಾರ ಒತ್ತಿ, ಪೂರ್ತಿ ಮೂರು ನಿಮಿಷ ಕಾದೆ. ಕೊನೆಯ ಚೀಟಿಯ ಅಕ್ಷರಗಳು ದೊಡ್ಡವು, ಸೊಟ್ಟಸೊಟ್ಟಗಿದ್ದವು.

"ಕ್ಲೋವಿಸ್ ಫಾಂಟೆನೋ. ಆರು ವರ್ಷ."

ಎದುರಿಗೆ ಯಾರೂ ಇಲ್ಲದೆ ನಿಂತಿದ್ದ ಮೈಕಿನ ಕತ್ತು ತಾನಾಗಿಯೇ ಮೆಲ್ಲಗೆ ಬಾಗಿ, ಮಗುವಿನ ಬಾಯಿಯ ಎತ್ತರಕ್ಕೆ ಬಂದು ನಿಂತಿತು.

ಅವನೊಬ್ಬನಿಗೆ ಮಾತ್ರ ನಾನು ಗಡಿಯಾರ ಒತ್ತಲಿಲ್ಲ.